ಹತ್ತೊಂಬತ್ತು ದನಿಗಳು, ಒಂದು ಹಳೆಯ ಪೆಟ್ಟಿಗೆ

ಬೆಳಗಿನ ಐದೂವರೆ. ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ ಆಕೆ ಮಂಡಿಯೂರಿ ಕೂತು ಬೂದು ಬಣ್ಣದ ತಗಡಿನ ಪೆಟ್ಟಿಗೆಯೊಂದಕ್ಕೆ ಕಿವಿ ಹಚ್ಚಿದ್ದಾರೆ. ಒಳಗೆ ಫ್ಯಾನು ಗುಂಯ್‌ಗುಡುತ್ತಿದೆ. ಅದರ ಅಡಿಯಲ್ಲಿ ಇನ್ನೊಂದು ಸದ್ದು: ಟಕ್. ಆಕೆ ಗಡಿಯಾರ ನೋಡುತ್ತಾರೆ. ಮತ್ತೆ ಟಕ್. ಗೋಡೆಗೆ ತೂಗುಹಾಕಿದ ಪುಸ್ತಕದಲ್ಲಿ ‘ನಿಮಿಷಕ್ಕೆ ಹನ್ನೊಂದು’ ಎಂದು ಬರೆಯುತ್ತಾರೆ. ಹೋದ ವಾರ ಅದು ಏಳಿತ್ತು.

“ಬಾಗಿಲು ಮೆಲ್ಲಗೆ ಹಾಕಿ,” ಎನ್ನುತ್ತಾರೆ ನನಗೆ. “ಜೋರಾಗಿ ಬಡಿದ್ರೆ ಇದರ ಜೀವ ಹಾರಿಹೋಗುತ್ತೇನೋ ಅಂತ ಭಯ.”

ಆಸ್ಪತ್ರೆಯಲ್ಲಿ ಎಲ್ಲರೂ ಆಕೆಯನ್ನು ಕರೆಯುವುದು ಮಾತಿನಕ್ಕ ಎಂದೇ. ಮಾತು ನಿಂತವರಿಗೆ, ತೊದಲುವವರಿಗೆ ತರಬೇತಿ ಕೊಡುವುದು ಕೆಲಸ; ಇಪ್ಪತ್ತಾರು ವರ್ಷವಾಯಿತು. ಗಂಟಲಿನ ಕ್ಯಾನ್ಸರ್ ಬಂದು ಧ್ವನಿಪೆಟ್ಟಿಗೆಯನ್ನೇ ತೆಗೆಸಿಕೊಳ್ಳಬೇಕಾದವರು ಆಕೆಯ ಬಳಿ ಬರುತ್ತಾರೆ. ಆಪರೇಷನ್ನಿಗೆ ಮೊದಲಿನ ವಾರ ಅವರನ್ನು ಮನೆಗೆ ಕರೆದು, ಹೊರಗಿನ ಸದ್ದು ಬಾರದಂತೆ ಕಿಟಕಿಗಳಿಗೆ ಹಾಸಿಗೆ ಒರಗಿಸಿ, ಅಕ್ಷರಮಾಲೆಯ ಒಂದೊಂದೇ ಅಕ್ಷರ ಹಿಡಿದು ಪದ, ವಾಕ್ಯ ಹೇಳಿಸಿ ರೆಕಾರ್ಡ್ ಮಾಡಿಕೊಳ್ಳುತ್ತಾರೆ. ‘ಅ’ದಿಂದ ‘ಳ’ವರೆಗೆ. ಕೊನೆಗೆ ಹೂಂ, ಊಹೂಂ, ಒಂದು ನಗು. ಆಮೇಲೆ ಅವರು ಮೊಬೈಲಿನಲ್ಲಿ ಏನು ಬರೆದರೂ ಮೆಟ್ಟಿಲ ಕೆಳಗಿನ ಈ ಯಂತ್ರ ಅದನ್ನು ಅವರದೇ ದನಿಯ ತುಣುಕುಗಳಿಂದ ಜೋಡಿಸಿ ಮಾತಾಗಿಸಿ ಕಳಿಸುತ್ತದೆ. ಇದನ್ನು ಮಾಡು ಎಂದು ಆಕೆಗೆ ಯಾರೂ ಹೇಳಿಲ್ಲ. ಇದುವರೆಗೆ ಅರವತ್ತೊಂದು ಜನ.

“ಆಸ್ಪತ್ರೆಯಲ್ಲೇ ಇಡಬಹುದಿತ್ತಲ್ಲ? ಇಲ್ಲವೇ ದೊಡ್ಡ ಕಂಪನಿಗಳ ಸರ್ವರಿನಲ್ಲಿ?” ಎಂದು ಕೇಳಿದರೆ ತಲೆಯಾಡಿಸುತ್ತಾರೆ. “ಜನ ಹೆದರ್ತಾರೆ. ನನ್ನ ದನೀಲಿ ಇನ್ಯಾರೋ ಮಾತಾಡಿಬಿಟ್ರೆ ಅಂತ. ನಿಮ್ಮ ದನಿಯ ಅಸಲು ನನ್ನ ಹೊಸಿಲು ದಾಟಲ್ಲ ಅಂತ ಮಾತು ಕೊಟ್ಟಿದೀನಿ.”

ಮಾತು ಕೊಟ್ಟಾಗ ಪೆಟ್ಟಿಗೆ ಹೊಸದಿತ್ತು. ಈಗ ಅದಕ್ಕೆ ಹನ್ನೊಂದು ವರ್ಷ. ಒಳಗಿದ್ದ ಎರಡು ಡಿಸ್ಕುಗಳಲ್ಲಿ ಒಂದು ನಾಲ್ಕು ತಿಂಗಳ ಹಿಂದೆ ಸತ್ತಿದೆ. ಉಳಿದದ್ದು ಟಕ್‌ ಟಕ್ ಎನ್ನುತ್ತಿದೆ. ಮೊದಲ ನಲವತ್ತೆರಡು ಜನರ ದನಿಯ ಇನ್ನೊಂದು ಪ್ರತಿ ಬೀರುವಿನಲ್ಲಿ ಭದ್ರವಾಗಿದೆ. ಆಮೇಲಿನ ಹತ್ತೊಂಬತ್ತು ಜನರದು ಇಲ್ಲಿ ಬಿಟ್ಟರೆ ಎಲ್ಲೂ ಇಲ್ಲ. “ಮುಂದಿನ ವಾರ ಪ್ರತಿ ತೆಗೆದಿಡೋಣ, ಮುಂದಿನ ವಾರ ಅಂತ ಮೂರು ವರ್ಷ ಕಳೆದೆ. ಯಾರ ತಪ್ಪು ಅಂತ ಬರೀತೀರಾ? ನನ್ನದೇ ಅಂತ ಬರೀರಿ.”

ಹೊಸ ಯಂತ್ರ ಬಂದೂ ನಾಲ್ಕು ತಿಂಗಳಾಗಿದೆ. ರಟ್ಟಿನ ಪೆಟ್ಟಿಗೆಯ ಟೇಪು ಕೂಡ ಬಿಚ್ಚಿಲ್ಲ. ಕಾರಣ, ಎದುರು ಬೀದಿಯಲ್ಲಿ ರೇಡಿಯೋ ಕಾಲದಿಂದ ಅಂಗಡಿ ನಡೆಸುತ್ತಿರುವ ರಿಪೇರಿಯವರು ಹೇಳಿದ ಮಾತು.

“ನೋಡಮ್ಮ, ಮುಟ್ಟದೆ ಬಿಟ್ರೆ ಇನ್ನೊಂದು ವರ್ಷ ಓಡಬಹುದು, ನಾಳೆನೇ ನಿಲ್ಲಬಹುದು. ಹೊಸದಕ್ಕೆ ಸಾಗಿಸ್ತೀನಿ ಅಂದ್ರೆ ಇದು ಎಂಟೊಂಬತ್ತು ತಾಸು ಒಂದೇ ಸಮ ಓಡಬೇಕು. ಎದೆನೋವಿರೋರನ್ನ ಬೆಟ್ಟ ಹತ್ತಿಸಿದ ಹಾಗೆ. ದಾರೀಲೇ ಕೂತುಬಿಟ್ರೆ ನಾನು ಏನೂ ಮಾಡಕ್ಕಾಗಲ್ಲ.”

ಅಂದಿನಿಂದ ಮನೆಯ ನಡಿಗೆಯೇ ಬದಲಾಗಿದೆ. ಆಕೆ ಮೆಟ್ಟಿಲನ್ನು ತುದಿಗಾಲಲ್ಲಿ ಹತ್ತುತ್ತಾರೆ. ಮಿಕ್ಸರು, ಇಸ್ತ್ರಿಪೆಟ್ಟಿಗೆ ಹೊರಗೆ ಬಂದಿಲ್ಲ. ಲೈಟು ಮಿಣುಕಿದರೆ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ಓಡುತ್ತಾರೆ. ಅಕ್ಕನ ಮಗಳ ಮದುವೆಗೂ ಹೋಗಿಲ್ಲ. ಆಸ್ಪತ್ರೆಯಲ್ಲಿ ಫೋನು ಗುನುಗಿದರೆ, ಪೆಟ್ಟಿಗೆ ನಿಂತೇಹೋಯಿತೇನೋ ಎಂದು ಎದ್ದು ಹೊರಗೆ ಬರುತ್ತಾರಂತೆ.

ಕಳೆದ ತಿಂಗಳು ಯಂತ್ರ ಒಂದು ಗಂಟೆ ಸ್ತಬ್ಧವಾಯಿತು. ಅದೇ ಹೊತ್ತಿಗೆ ನಿವೃತ್ತ ಬಸ್ ಕಂಡಕ್ಟರೊಬ್ಬರು ಔಷಧಿ ಅಂಗಡಿಯ ಮುಂದೆ ನಿಂತಿದ್ದರು. ಫೋನು ಮಾತಾಡಲಿಲ್ಲ. ಚೀಟಿಯಲ್ಲಿ ಬರೆದುಕೊಟ್ಟರೆ, ಇವರಿಗೆ ಕಿವಿಯೂ ಕೇಳದೆಂದು ತಿಳಿದ ಅಂಗಡಿಯವನು ಕಿರುಚತೊಡಗಿದ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮೂವತ್ತೆರಡು ವರ್ಷ ಬಸ್ಸಿನ ಗದ್ದಲವನ್ನೆಲ್ಲ ಒಂದೇ ಕೂಗಿಗೆ ಅಡಗಿಸಿದ್ದ ಮನುಷ್ಯ ಔಷಧಿ ಕೊಳ್ಳದೆ ಸೀದಾ ಮಾತಿನಕ್ಕನ ಮನೆಗೆ ಬಂದು, ಅದೇ ಚೀಟಿಯ ಹಿಂದೆ ಬರೆದರು: “ಆಪರೇಷನ್ ಆಗಿ ಎಚ್ಚರ ಆದ ಗಳಿಗೆ ಮತ್ತೆ ಬಂದ ಹಾಗಾಯ್ತು.”

ಆ ಚೀಟಿ ಓದಿದ ಮೇಲೆ ಆಕೆ ಹತ್ತೊಂಬತ್ತು ಮನೆಗಳಿಗೂ ಸಂದೇಶ ಕಳಿಸಿದರು. ಇದ್ದದ್ದನ್ನು ಇದ್ದ ಹಾಗೇ ಬರೆದರು: ಸಾಗಿಸಿದರೂ ಹೋಗಬಹುದು, ಸುಮ್ಮನಿದ್ದರೂ ಹೋಗಬಹುದು. ಎರಡು ದಿನದಲ್ಲಿ ಎಲ್ಲರ ಉತ್ತರವೂ ಬಂತು. ಹೆಂಗಸೊಬ್ಬರು ಬರೆದಿದ್ದರು: “ಭಯ ಆಗ್ತಿದೆ. ಸಾಗಿಸಿಬಿಡಿ, ದಿನಾ ಹೆದರೋದು ಸಾಕು.”

ಸಾಗಿಸುವ ನಿರ್ಧಾರವೇನೋ ಆಯಿತು. ಹೊಸ ಭಯ ಹುಟ್ಟಿದ್ದು ರಿಪೇರಿಯವರ ಇನ್ನೊಂದು ಪ್ರಶ್ನೆಯಿಂದ: “ಯಾರದು ಮೊದಲು?” ಡಿಸ್ಕು ನಡುವೆ ನಿಂತರೆ ಪಟ್ಟಿಯಲ್ಲಿ ಮೇಲಿದ್ದವರು ಬದುಕಿದರು, ಕೆಳಗಿದ್ದವರು ಹೋದರು. ಆ ಪಟ್ಟಿ ಬರೆಯಲು ಆಕೆಗೆ ಆರು ದಿನ ಹಿಡಿಯಿತು. ಒಂಟಿಯಾಗಿ ಬಾಳುವವರು ಮೊದಲು. ಚಿಕ್ಕ ಮಕ್ಕಳಿರುವವರು ಆಮೇಲೆ. ಹತ್ತೊಂಬತ್ತರಲ್ಲಿ ಇಬ್ಬರು ಈಗಿಲ್ಲ. ಮನೆಯವರು ದನಿಯನ್ನು ಕೇಳುತ್ತಿರುತ್ತಾರೆ, ಅಷ್ಟೆ. ಅವರನ್ನು ಹದಿನೇಳು, ಹದಿನೆಂಟನೆಯ ಸಾಲಿಗೆ ಇಳಿಸಿದ ದಿನ ಊಟ ಸೇರಲಿಲ್ಲ ಎನ್ನುತ್ತಾರೆ. ಹತ್ತೊಂಬತ್ತನೆಯ ಸಾಲಿನಲ್ಲಿ ಬರೆದದ್ದು ಸ್ವಂತ ತಮ್ಮನ ಹೆಸರು. ಎರಡು ವರ್ಷದ ಹಿಂದೆ ಅವರಿಗೂ ಇದೇ ಆಪರೇಷನ್ ಆಗಿತ್ತು.

“ಅವರು ಬದುಕಿರೋರಲ್ವಾ, ಸತ್ತವರಿಗಿಂತ ಹಿಂದೆ ಯಾಕೆ ಹಾಕಿದ್ರಿ?” ಎನ್ನುತ್ತೇನೆ.

“ಒಂದೇ ಒಂದು ಸಾಲು ಮೇಲೆ ಹಾಕಿದ್ರೂ, ಉಳಿದೋರ ಮುಖ ಹೇಗೆ ನೋಡ್ಲಿ?”

ಭಾನುವಾರ ಬೆಳಿಗ್ಗೆ ಆರಕ್ಕೆ ಕೆಲಸ ಶುರು. ಕೋಣೆಯಲ್ಲಿ ನಾಲ್ವರಿದ್ದೇವೆ: ಮಾತಿನಕ್ಕ, ರಿಪೇರಿಯವರು, ಮೆಟ್ಟಿಲ ಮೇಲೆ ಕೂತ ತಮ್ಮ, ಬಾಗಿಲಿಗೊರಗಿ ನಿಂತ ನಾನು. ಪರದೆಯ ಮೇಲೆ ಹಸಿರು ಗೆರೆ ಇರುವೆಯಂತೆ ತೆವಳುತ್ತದೆ. ಒಬ್ಬೊಬ್ಬರು ಮುಗಿದಂತೆ ಆಕೆ ಪಟ್ಟಿಯಲ್ಲಿ ಗುರುತು ಹಾಕುತ್ತಾರೆ. ಎಂಟನೆಯದು ಕಂಡಕ್ಟರ್. ಹನ್ನೊಂದನೆಯದರ ನಡುವೆ ಗೆರೆ ಒಮ್ಮೆಲೇ ನಿಲ್ಲುತ್ತದೆ. ಟಕ್ ಸದ್ದು ಬಡಿಗೆಯಲ್ಲಿ ಬಡಿದಂತೆ ಜೋರಾಗುತ್ತದೆ. ಮಾತಿನಕ್ಕ ಕಣ್ಣು ಮುಚ್ಚುತ್ತಾರೆ. ರಿಪೇರಿಯವರು ಒದ್ದೆ ಬಟ್ಟೆ ಹಿಂಡಿ ತಗಡಿನ ಮೈಗೆ ಸುತ್ತಿ, ಟೇಬಲ್ ಫ್ಯಾನನ್ನು ಅದರತ್ತ ತಿರುಗಿಸುತ್ತಾರೆ. ಏಳು ನಿಮಿಷ. ಗೆರೆ ಮತ್ತೆ ತೆವಳುತ್ತದೆ.

ಮಧ್ಯಾಹ್ನ ಎರಡೂಕಾಲಿಗೆ ಹದಿನೆಂಟನೆಯದು ಮುಗಿದು ತಮ್ಮನ ಸರದಿ ಬರುತ್ತದೆ. ಅ, ಆ ದಾಟಿ ಕ, ಖ. ಮೂರು ಗಂಟೆಗೆ ‘ಹ’ ಮುಗಿಯುತ್ತದೆ. ಇನ್ನೇನು ‘ಳ’ ಶುರುವಾಗಬೇಕು, ಒಳಗಿನಿಂದ ಕಿರ್ರನೆ ಉಗುರು ಗೀರಿದಂಥ ಸದ್ದು. ಆಮೇಲೆ ಫ್ಯಾನಿನ ಗುಂಯ್ ಬಿಟ್ಟರೆ ಏನೂ ಇಲ್ಲ. ರಿಪೇರಿಯವರು ಬಾಗಿ ಆಲಿಸುತ್ತಾರೆ, ಎರಡು ಸಲ ಆರಿಸಿ ಹಚ್ಚುತ್ತಾರೆ. “ಡಿಸ್ಕಿನ ತಟ್ಟೆನೇ ಗೀರಿಹೋಗಿದೆಯಮ್ಮ. ಎಲ್ಲಿಗೆ ಕಳಿಸಿದ್ರೂ ಇನ್ನು ಬರಲ್ಲ.”

ಹೋದದ್ದು ತಮ್ಮನ ‘ಳ’, ಅದರ ಹಿಂದಿದ್ದ ಹೂಂ, ಊಹೂಂ, ನಗು.

ಮಾತಿನಕ್ಕ ಗೋಡೆಗೆ ತಲೆ ಆನಿಸಿ ಕೂತುಬಿಡುತ್ತಾರೆ. ಹದಿನೆಂಟು ದನಿ ಉಳಿದ ಸಮಾಧಾನ ಆ ಮುಖದಲ್ಲಿ ಹುಡುಕಿದರೂ ಇಲ್ಲ. ತಮ್ಮ ಇಳಿದು ಬಂದು ಪಕ್ಕದಲ್ಲಿ ಕೂರುತ್ತಾರೆ. ಹೊಸ ಯಂತ್ರಕ್ಕೆ ಜೋಡಿಸಿದ ಫೋನಿನಲ್ಲಿ ಏನೋ ಬರೆದು ಒತ್ತುತ್ತಾರೆ. ಕೊಂಚ ಒರಟಾದ ಗಂಡುದನಿ ಹೊರಡುತ್ತದೆ: “ಎಲ್ಲ ಹಾಲಾಯ್ತಾ ಅಕ್ಕ?”

ಬರೆದದ್ದು ‘ಹಾಳಾಯ್ತಾ’ ಎಂದು. ‘ಳ’ ಸಿಗದ ಯಂತ್ರ ಹತ್ತಿರದ ಅಕ್ಷರ ಹಾಕಿಕೊಂಡಿದೆ. ರಿಪೇರಿಯವರಿಗೆ ನಗು ತಡೆಯುವುದಿಲ್ಲ. ತಮ್ಮನೂ ನಗುತ್ತಾರೆ, ಭುಜ ಕುಲುಕುತ್ತವೆ, ಬಾಯಿ ಅಗಲವಾಗುತ್ತದೆ, ಸದ್ದು ಮಾತ್ರ ಇಲ್ಲ. ಅದನ್ನು ನೋಡಿ ಮಾತಿನಕ್ಕನ ಕಣ್ಣು ತುಂಬುತ್ತದೆ.

ಎರಡು ವಾರದ ನಂತರ ಮತ್ತೆ ಹೋದಾಗ ಎರಡನೆಯ ಪ್ರತಿ ಬೀರುವಿಗೆ ಸೇರಿದೆ. ಆದರೂ ಭಯ ಪೂರ್ತಿ ಬಿಟ್ಟಿಲ್ಲ. “ಹಳೇದು ಸದ್ದು ಮಾಡಿಯಾದ್ರೂ ಹೇಳ್ತಿತ್ತು. ಇದು ತೆಪ್ಪಗಿರುತ್ತೆ. ಒಳಗೆ ಏನು ನಡೀತಿದೆಯೋ.” ಆಸ್ಪತ್ರೆಗೆ ಹೊರಡುವ ಮುನ್ನ ದಿನವೂ ಒಂದು ಗಂಟೆ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ತಮ್ಮನ ಉಳಿದ ಮಾತುಗಳನ್ನು ಕೇಳುತ್ತಾರೆ. ‘ಬ’ ಹೇಳುವಾಗ ‘ಬಾಳೆ’ ಎಂದಿದ್ದರು, ‘ಕ’ದಲ್ಲಿ ‘ಕಳಿಸು’ ಎಂದಿದ್ದರು. ಅಲ್ಲಿಂದ ‘ಳ’ ಕತ್ತರಿಸಿ ತೆಗೆದಾಗಿದೆ. ಈಗ ತಮ್ಮ ಸರಿಯಾಗಿಯೇ ಹಾಳಾಯ್ತು ಎನ್ನಬಲ್ಲರು.

ಮತ್ತೇಕೆ ಇನ್ನೂ ಹುಡುಕುತ್ತಿದ್ದೀರಿ ಎಂದು ಕೇಳುತ್ತೇನೆ. ಆಕೆ ಒಂದು ಕಿವಿಯ ಇಯರ್‌ಫೋನು ತೆಗೆಯುತ್ತಾರೆ.

“ಹೇಳ್ತಾ ಹೇಳ್ತಾ ಅವನಿಗೆ ನಡುವೆ ನಗು ಬರ್ತಿತ್ತು. ಬಂದಾಗೆಲ್ಲ ಬೈದು, ಆ ಜಾಗ ಕತ್ತರಿಸಿ ಬಿಸಾಡ್ತಿದ್ದೆ, ಚೊಕ್ಕವಾಗಿರಲಿ ಅಂತ. ಎಲ್ಲೋ ಒಂದು ಕಡೆ ಮರೆತು ಬಿಟ್ಟಿರ್ತೀನಿ. ಅದೊಂದು ಸಿಕ್ಕಿದ್ರೆ ಸಾಕು. ಅಷ್ಟೊಂದು ಅಚ್ಚುಕಟ್ಟಾಗಿ ಕೆಲಸ ಮಾಡೋಳೇನಲ್ಲ ನಾನು.”