ಎರವಲು ಎಮ್ಮೆ ಮತ್ತು ಮೂರು ತಾಲೂಕಿನ ಸರಾಸರಿ

ಮೂಡಲಗಿ ಗೋಕಾಕದಿಂದ ಬೇರೆಯಾಗಿ ತಾಲೂಕಾದ ಹೊಸದರಲ್ಲಿ ನಾನು ಗೋಕಾಕದಲ್ಲಿ ಸಾಂಖ್ಯಿಕ ಸಹಾಯಕಿಯಾಗಿದ್ದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕುಗಳ ಹಾಲಿನ ಸಮೀಕ್ಷೆ ನನ್ನ ಹೆಗಲಿಗೆ ಬಿದ್ದಿತ್ತು. ಒಂದು ಎಮ್ಮೆ ದಿನಕ್ಕೆ ಸರಾಸರಿ ಎಷ್ಟು ಹಾಲು ಕೊಡುತ್ತದೆ ಎಂದು ನಾನು ಹೇಳಬೇಕು. ಎಲ್ಲ ಎಮ್ಮೆಗಳನ್ನೂ ಒಂದೊಂದಾಗಿ ಅಳೆಯುತ್ತ ಹೊರಟರೆ ನಾನೂ ನಿವೃತ್ತಳಾಗಿ, ನನ್ನ ಕುರ್ಚಿಗೆ ಬಂದವರೂ ನಿವೃತ್ತರಾಗುತ್ತಿದ್ದರು. ಅಷ್ಟು ಹೊತ್ತಿಗೆ ಮೊದಲು ಅಳೆದ ಎಮ್ಮೆಗಳು ಮರಿಮಕ್ಕಳನ್ನು ಕಂಡಿರುತ್ತಿದ್ದವು.

ಅದಕ್ಕೇ ಸ್ಯಾಂಪಲಿಂಗ್ ಎಂಬ ಉಪಾಯ ಇರುವುದು. ಎಲ್ಲ ಹಳ್ಳಿಗಳ ಹೆಸರುಗಳಿಂದ ಕೆಲವನ್ನು ಚೀಟಿ ಎತ್ತಿದಂತೆ ಆರಿಸುತ್ತೇವೆ. ಆ ಹಳ್ಳಿಯ ಎಮ್ಮೆ ಸಾಕಿದ ಮನೆಗಳಲ್ಲಿಯೂ ಹಾಗೆಯೇ ಕೆಲವನ್ನು ಆರಿಸುತ್ತೇವೆ. ಆ ಮನೆಗಳಿಗೆ ಹೋಗಿ ಸಂಜೆ ಮತ್ತು ಮರುದಿನ ಬೆಳಿಗ್ಗೆ ಕರೆದ ಹಾಲನ್ನು ಕಣ್ಣೆದುರೇ ಅಳೆಯುತ್ತೇವೆ. ಒಂದು ಮನೆಯಲ್ಲಿ ಈಗಷ್ಟೇ ಈದ ಎಮ್ಮೆ ಸಿಗಬಹುದು, ಇನ್ನೊಂದರಲ್ಲಿ ಬತ್ತುತ್ತಿರುವ ಎಮ್ಮೆ. ಚೀಟಿಗೆ ಯಾರ ಮುಲಾಜೂ ಇಲ್ಲದ್ದರಿಂದ ಈ ಕಡೆಯ ಹೆಚ್ಚು ಆ ಕಡೆಯ ಕಡಿಮೆಗೆ ಸರಿಹೋಗುತ್ತದೆ. ಅಳೆದದ್ದು ಕೆಲವೇ ಮನೆಗಳಾದರೂ ಬರುವ ಸರಾಸರಿ ಇಡೀ ತಾಲೂಕಿನ ಸರಾಸರಿಯ ಆಸುಪಾಸಿನಲ್ಲೇ ಇರುತ್ತದೆ. ನನಗೆ ಈ ವಿದ್ಯೆಯ ಮೇಲೆ ಮೋಹ. ನಿಯಮ ಮೀರಿದವರನ್ನು ಕಂಡರೆ ಮೈ ಉರಿಯುತ್ತಿತ್ತು. ಕಚೇರಿಯಲ್ಲಿ ಬೆನ್ನ ಹಿಂದೆ ನನ್ನನ್ನು ‘ಚೀಟಿ ಅಕ್ಕಾರ’ ಎನ್ನುತ್ತಿದ್ದುದು ಗೊತ್ತಿತ್ತು.

ಆ ಬೇಸಿಗೆಯ ಸಮೀಕ್ಷೆಯ ಸುತ್ತಿಗೆ ಎಂದಿಗಿಂತ ಹೆಚ್ಚು ಮಹತ್ವವಿತ್ತು. ಸಂಚಾರಿ ಪಶು ಚಿಕಿತ್ಸೆಯ ವಾಹನವೊಂದು ಬರುವುದಿತ್ತು. ಸರಾಸರಿ ಹಾಲು ಎಲ್ಲಕ್ಕಿಂತ ಕಡಿಮೆ ಇರುವ ಹೋಬಳಿಗೆ ಅದನ್ನು ವಾರಕ್ಕೊಮ್ಮೆ ಕಳಿಸಬೇಕೆಂದು ಮೇಲಿನವರು ತೀರ್ಮಾನಿಸಿದ್ದರು. ಹಳ್ಳಿಗಳಲ್ಲಿ ಈ ಮಾತು ಆಡುವಂತಿರಲಿಲ್ಲ. ಆಡಿದ್ದರೆ ಬಿಂದಿಗೆ ತುಂಬ ಕರೆಯುವ ಎಮ್ಮೆಗಳೂ ಮರುದಿನವೇ ಬತ್ತಿಹೋಗುತ್ತಿದ್ದವು.

ಹುಕ್ಕೇರಿ ತಾಲೂಕಿನಲ್ಲಿ ಕಣಗಲಾದಿಂದ ಒಳಗೆ ಹೋಗುವ ದಾರಿಯ ಒಂದು ಹಳ್ಳಿ ಚೀಟಿಯಲ್ಲಿ ಬಂತು. ಅಲ್ಲಿಯ ಹಾಲಿನ ಡೇರಿಯ ಅಧ್ಯಕ್ಷರು ಶಂಕ್ರೆಪ್ಪ. ಊರಿಗೆಲ್ಲ ಅವರು ಕಾಕಾ. ಒಂದು ಕಪ್ ಚಹಾ ಮುಗಿಯುವುದರೊಳಗೆ ನನಗೂ ಕಾಕಾ ಆದರು. ಆರಿಸಿದ ಮನೆಗಳ ಹೆಸರು ಓದಿದೆ. ಹಸೀನಾಬಿ ಎಂಬ ಹೆಸರು ಬಂದಾಗ ಅವರು ಬಸಿಯನ್ನು ಕೆಳಗಿಟ್ಟರು.

“ಆಕೀ ಮನಿ ಬ್ಯಾಡ್ರಿ ಅಕ್ಕಾರ. ಒಂದ ಎಮ್ಮಿ ಐತಿ, ಅದೂ ಹಿಂಡಿದ್ರ ಚಹಾಕ್ಕ ಆಗುವಷ್ಟ ಹಾಲು. ಬಾಜೂ ಮನ್ಯಾಗ ಮುರ್ರಾ ಜಾತಿ ಎಮ್ಮಿ ಐತಿ, ಅದನ್ನ ನೋಡಿದ್ರ ಕಣ್ಣ ತಂಪಾಗತಾವ. ಅಲ್ಲಿಗಿ ಹೋಗೂಣು.”

“ಚೀಟಿ ಯಾರ ಹೆಸರ ಹೇಳತೈತಿ ಅವರ ಮನಿಗೇ ಹೋಗಬೇಕ್ರಿ ಕಾಕಾ,” ಎಂದೆ.

“ಆತ ಬಿಡ್ರಿ. ನಾಳಿ ಸಂಜೀಕ ಬರ್ರಿ,” ಎಂದರು. ಅಷ್ಟು ಬೇಗ ಒಪ್ಪಿದ್ದೇ ಅನುಮಾನ ಪಡಬೇಕಾದ ಸಂಗತಿಯಾಗಿತ್ತು. ನಾನು ನನ್ನ ಮಾತಿನ ಗತ್ತಿಗೆ ಒಪ್ಪಿದರೆಂದು ಖುಷಿಯಾಗಿಯೇ ಬಸ್ಸು ಹತ್ತಿದೆ.

ಮರುದಿನ ಸಂಜೆ ಹೋದಾಗ ಹಸೀನಾಬಿ ಬಾಗಿಲಲ್ಲೇ ನಿಂತಿದ್ದರು. ಐವತ್ತು ದಾಟಿದ ಹೆಂಗಸು. ಗಂಡ ತೀರಿಕೊಂಡ ಮೇಲೆ ಕೌದಿ ಹೊಲಿಯುವುದು, ಹಾಲು ಮಾರುವುದು, ಇಷ್ಟರಲ್ಲೇ ಮನೆ ನಡೆಸುತ್ತಿದ್ದರು. ತಗಡಿನ ಪುಟ್ಟ ಕೊಟ್ಟಿಗೆಯಲ್ಲಿ ಕಟ್ಟಿದ ಎಮ್ಮೆಯನ್ನು ನೋಡಿ ನಾನು ಬೆರಗಾದೆ. ಮಿರಮಿರ ಮಿಂಚುವ ಕಪ್ಪು ಮೈ, ಎಣ್ಣೆ ಹಚ್ಚಿದ ಸುರುಳಿ ಕೋಡು. ಅದರ ಗಾತ್ರಕ್ಕೆ ಆ ಕೊಟ್ಟಿಗೆ ಸಾಲದೆ ಹಿಂಭಾಗ ಅರ್ಧ ಬಿಸಿಲಿನಲ್ಲೇ ನಿಂತಿತ್ತು. ನನಗೆಂದು ಹಾಕಿದ ಕುರ್ಚಿಯ ಪ್ಲಾಸ್ಟಿಕ್ಕು ಇನ್ನೂ ಬಿಚ್ಚಿರಲಿಲ್ಲ. ಕಾಕಾ ಕಂಬಕ್ಕೆ ಒರಗಿ ಮೀಸೆ ಸವರುತ್ತಿದ್ದರು.

ಹಸೀನಾಬಿ ಹಾಲು ಕರೆಯಲು ಕೂತರು. ಎಮ್ಮೆ ಒದೆಯಿತು. ಮುಂದೆ ಹಿಂಡಿ ಇಟ್ಟರು, ಮೈ ತಟ್ಟಿದರು, ಕೆಚ್ಚಲಿಗೆ ಬಿಸಿನೀರು ಹಾಕಿದರು. ಎಮ್ಮೆಗೆ ಕೈ ಹೊಸದಾದರೆ, ಜಾಗ ಹೊಸದಾದರೆ ಅದು ಹಾಲು ಇಳಿಸುವುದಿಲ್ಲ. ಈ ಮಾತು ಅಲ್ಲಿದ್ದ ಎಲ್ಲರಿಗೂ ಗೊತ್ತು, ಆದರೆ ಯಾರೂ ಬಾಯಿ ಬಿಡುವಂತಿಲ್ಲ. ಬಹಳ ಹೊತ್ತಿನ ಮೇಲೆ ನನ್ನ ಅಳತೆಯ ಜಾಡಿಗೆ ಬಿದ್ದದ್ದು ಅರ್ಧ ಲೋಟ. ಕಾಕಾನ ಕೈ ಮೀಸೆ ಬಿಟ್ಟು ಹಣೆಯ ಬೆವರಿಗೆ ಬಂದಿತ್ತು.

ಅದೇ ಹೊತ್ತಿಗೆ ಪಕ್ಕದ ಮನೆಯ ಹಿತ್ತಲಿನಿಂದ ಇನ್ನೊಂದು ಎಮ್ಮೆ ಉದ್ದಕ್ಕೆ ಕೂಗಿತು. ಹಸೀನಾಬಿ ತಿರುಗಿಯೂ ನೋಡದೆ, “ಬಂದ್ನೆವ್ವಾ ಚಂದ್ರೀ, ಬಂದ್ನೆ!” ಎಂದುಬಿಟ್ಟರು.

ಮರುಕ್ಷಣವೇ ಸೆರಗನ್ನು ಬಾಯಿಗಿಟ್ಟುಕೊಂಡರು. ಅವರ ಸ್ವಂತ ಎಮ್ಮೆ ಪಕ್ಕದ ಹಿತ್ತಲಿನಲ್ಲಿತ್ತು. ನಾನು ಕಾಕಾನ ಮುಖ ನೋಡಿದೆ, ಕಾಕಾ ತಗಡಿನ ಕಡೆ ನೋಡಿದರು.

“ಏನ್ರಿ ಕಾಕಾ ಇದು?” ನನ್ನ ದನಿ ಏರಿತ್ತು.

“ಸಿಟ್ಟಾಗಬ್ಯಾಡ್ರಿ ಅಕ್ಕಾರ. ಮನಿಗಿ ಬೀಗರು ಬಂದಾಗ ಬಾಜೂದವರು ದನಾ ತಂದ ಕಟ್ಟೂದು ನಮ್ಮ ಕಡೆ ರೂಢಿ ಐತ್ರಿ. ಹುಡುಗನ ಮನಿ ನೋಡಾಕ ಬಂದವರ ಮುಂದ ಗ್ವಾದಲಿ ಖಾಲಿ ಕಾಣಬಾರ್ದು. ನೀವು ಸರ್ಕಾರದವರು, ಬೀಗರಕಿಂತ ಹೆಚ್ಚ. ಆಕೀ ಮರ್ಯಾದಿ ಹೋಗಬಾರ್ದಂತ ಮಾಡೀವಿ, ಮತ್ತೇನಿಲ್ಲ.”

ಸಿಟ್ಟು ಬಂದದ್ದು ಖರೆ, ಆದರೆ ಅದನ್ನು ಬಹಳ ಹೊತ್ತು ಹಿಡಿದಿಟ್ಟುಕೊಳ್ಳಲು ಆಗಲಿಲ್ಲ. ಒಂಟಿ ಹೆಂಗಸಿನ ಮಾನ ಕಾಯಲು ಒಂದು ಓಣಿಯೇ ಸೇರಿ ಎಮ್ಮೆ ಹೊಡೆದುಕೊಂಡು ಬಂದಿತ್ತು. ಇಂಥ ಜನರ ಮೇಲೆ ಹೇಗೆ ಹರಿಹಾಯುವುದು? ಆದರೂ ಮನಸ್ಸಿನೊಳಗೆ ಭಯವಾಯಿತು. ಅಳತೆ ಮಾಡುವಾಗ ಆಗುವ ಸಣ್ಣಪುಟ್ಟ ತಪ್ಪುಗಳು ಹೆಚ್ಚು ಕಡಿಮೆಯಾಗಿ ತಾವೇ ಸರಿದೂಗುತ್ತವೆ. ಪ್ರೀತಿಯಿಂದ ಮಾಡಿದ ತಪ್ಪು ಯಾವಾಗಲೂ ಒಂದೇ ಕಡೆಗೆ ವಾಲುತ್ತದೆ. ಊರೂರಲ್ಲೂ ಹೀಗೆ ಒಳ್ಳೆಯ ಎಮ್ಮೆಯನ್ನೇ ತೋರಿಸಿದರೆ, ನಾನು ಇನ್ನೂ ನೂರು ಮನೆ ಅಳೆದರೂ ಆ ವಾಲಿಕೆ ನೆಟ್ಟಗಾಗುವುದಿಲ್ಲ.

ವಾಹನದ ವಿಷಯ ಬಾಯಿ ಬಿಡದೆ ಇದನ್ನು ಹೇಗೆ ತಿಳಿಸುವುದು? ಹೊಳೆದದ್ದನ್ನು ಕೇಳಿದೆ. “ಕಾಕಾ, ಡೇರಿಯೊಳಗ ಫ್ಯಾಟ್ ನೋಡಾಕ ಕ್ಯಾನಿನ್ಯಾಗಿಂದ ಹಾಲು ತಗೀತೀರಲ್ಲಾ, ಮ್ಯಾಲಿನ ಕೆನಿ ಅಷ್ಟ ತಗೀತೀರೇನು?”

“ಹ್ಯಾಂಗ ತಗ್ಯಾಕ ಬರತೈತ್ರಿ? ತಳದಿಂದ ಕಲಸೇ ತಗೀಬೇಕು. ಇಲ್ಲಾಂದ್ರ ಫ್ಯಾಟ್ ಸುಳ್ಳ ಹೇಳತೈತಿ.”

“ಚೀಟಿ ಎತ್ತೂದು ಅಂದ್ರ ಕಲಸೂದರಿ. ನಾ ಕಲಸಿದ್ನಿ. ನೀವು ಮತ್ತ ಮ್ಯಾಲಿನ ಕೆನಿ ತಗದ ನನ್ನ ಕೈಯಾಗ ಕೊಟ್ರಿ.”

ಕಾಕಾ ಹೊಟ್ಟೆ ಅಲುಗುವಂತೆ ನಗತೊಡಗಿದರು. ಹಸೀನಾಬಿ ಮಾತ್ರ ನಗಲಿಲ್ಲ.

“ಚಂದ್ರಿ ಹಾಲು ಭಾಳ ಕಡಿಮಿ ಐತ್ರಿ ಅಕ್ಕಾರ. ಎರಡ ವರ್ಷಾತು, ಗಬ್ಬ ನಿಲ್ಲವಲ್ದು. ದವಾಖಾನಿ ದೂರ. ನಡಸಿಕೊಂಡ ಹೋದ್ನಿ, ಹೋದ ದಿನಾ ಡಾಕ್ಟರ ಬ್ಯಾರೆ ಊರಿಗಿ ಹೋಗಿದ್ರು. ಈ ದೀಪಾವಳಿ ತನಕಾ ನೋಡತೇನಿ. ಆಮ್ಯಾಗ ಸಂತಿಗಿ ಹೊಡೀಬೇಕ. ನನ್ನ ಕೈಯಾಗ ಹುಟ್ಟಿದ್ದರಿ ಆಕಿ.” ಅವರು ಪಕ್ಕದ ಹಿತ್ತಲಿನತ್ತ ನೋಡಿದರು. “ಅಂಥಾದನ್ನ ಬರಕೊಂಡ ಏನ ಮಾಡ್ತೀರಿ?”

ಬಾಯಿಗೆ ಬಂದ ವಾಹನದ ಮಾತನ್ನು ನುಂಗಿಕೊಂಡೆ. “ಹಸೀನಾಬಿ, ನಿಮ್ಮಂಗ ಒಂದ ಎಮ್ಮಿ ಕಟ್ಟಿದ ಎಷ್ಟೋ ಹೆಣ್ಣಮಕ್ಕಳದಾರ. ಅವರ ಮನಿಗಿ ನಾ ಹೋಗೂದಿಲ್ಲ. ಅವರೆಲ್ಲಾರ ಪರವಾಗಿ ಚೀಟಿಯೊಳಗ ನಿಮ್ಮ ಮನಿ ಬಂದೈತಿ. ನೀವು ಚಂದ್ರೀನ ಮುಚ್ಚಿಟ್ರ ಅವರೆಲ್ಲಾರನ್ನೂ ಮುಚ್ಚಿಟ್ಟಂಗ,” ಎಂದಷ್ಟೇ ಹೇಳಿದೆ.

ಅವರು ಎದ್ದು ಹೋಗಿ ತಾವೇ ಚಂದ್ರಿಯನ್ನು ಹಿಡಿದುಕೊಂಡು ಬಂದರು. ಬಿಳಿಗೂದಲಿನ ಹಣೆಯ, ಪಕ್ಕೆಲುಬು ಕಾಣುವ ಎಮ್ಮೆ. ತನ್ನ ಜಾಗಕ್ಕೆ ಬಂದದ್ದೇ ಹಸೀನಾಬಿಯ ಭುಜಕ್ಕೆ ಮೂತಿ ಒರೆಸಿತು. ಇರುವ ಹಾಲನ್ನು ಒಂದು ಹನಿ ಉಳಿಸದೆ ಇಳಿಸಿತು. ಒಂದು ಲೀಟರಿಗೂ ಕಡಿಮೆ. ಹಾಗೆಯೇ ಬರೆದುಕೊಂಡೆ.

ಕಾಕಾ ಕೆಮ್ಮಿದರು. “ಇನ್ನೆರಡ ಮನ್ಯಾಗೂ ಕೆನಿ ಕಟ್ಟೀವ್ರಿ,” ಎಂದರು. ಆ ಸಂಜೆ ಎರವಲು ಎಮ್ಮೆಗಳು ಓಣಿಯಲ್ಲಿ ಒಂದರ ಹಿಂದೊಂದು ತಮ್ಮ ತಮ್ಮ ಮನೆಗೆ ಹೊರಟಾಗ ಮಕ್ಕಳಿಂದ ಹಿಡಿದು ಮುದುಕರವರೆಗೆ ಎಲ್ಲರೂ ಹೊರಗೆ ಬಂದು ನಕ್ಕರು. ಮುಂದಿನ ಹಳ್ಳಿಗಳಲ್ಲಿ ಚಹಾ ಕುಡಿಯುವ ಮೊದಲೇ ನಾನು ಕೇಳುತ್ತಿದ್ದ ಪ್ರಶ್ನೆ, “ಇದು ನಿಮ್ಮ ಎಮ್ಮೀನ ಏನ್ರಿ?” ಎಂಬುದು. ಎರಡು ಕಡೆ ಉತ್ತರ ಬರಲು ತಡವಾಯಿತು.

ಲೆಕ್ಕವೆಲ್ಲ ಮುಗಿದಾಗ ಮೂರು ತಾಲೂಕುಗಳಲ್ಲಿ ಕಾಕಾನ ಹಳ್ಳಿ ಇರುವ ಹೋಬಳಿಯ ಸರಾಸರಿಯೇ ಎಲ್ಲಕ್ಕಿಂತ ಕೆಳಗಿತ್ತು. ಅದರ ಮೇಲಿನ ಹೋಬಳಿಗೂ ಇದಕ್ಕೂ ಕೂದಲೆಳೆಯ ಅಂತರ. ಆ ಮೂರು ಮಿಂಚುವ ಎಮ್ಮೆಗಳು ಒದೆಯದೆ ಪೂರ್ತಿ ಹಾಲು ಇಳಿಸಿ ಲೆಕ್ಕದಲ್ಲಿ ಸೇರಿದ್ದರೆ ವಾಹನ ಬೇರೆ ಕಡೆ ತಿರುಗುತ್ತಿತ್ತು. ಮಳೆಗಾಲದಲ್ಲಿ ಅದು ಊರಿಗೆ ಬಂದ ದಿನ ಕಾಕಾ ಫೋನ್ ಮಾಡಿದರು. “ಅಕ್ಕಾರ, ಮೊದಲ ಒಂದ ಮಾತ ಹೇಳಬಾರ್ದೇನ್ರಿ?”

“ಹೇಳಿದ್ರ ಆ ಮುರ್ರಾ ಎಮ್ಮಿ ಸೈತ ಬತ್ತತಿತ್ತಲ್ರಿ ಕಾಕಾ,” ಎಂದೆ. ಆ ಕಡೆಯಿಂದ ಬಂದ ನಗು ಫೋನ್ ಇಲ್ಲದೆಯೂ ಗೋಕಾಕಕ್ಕೆ ಕೇಳಿಸುವಂತಿತ್ತು.

ಮರುವರ್ಷದ ಚಳಿಗಾಲದ ಸುತ್ತಿನಲ್ಲಿ ಅದೇ ಹಳ್ಳಿ ಮತ್ತೆ ಬಂತು. ಹೊಸದಾಗಿ ಎತ್ತಿದ ಚೀಟಿಯಲ್ಲಿ ಹಸೀನಾಬಿಯ ಮನೆ ಇರಲಿಲ್ಲ. ಬೇರೆ ಮನೆಗೆ ಹೊರಟಿದ್ದ ನನ್ನನ್ನು ಅವರು ಓಣಿಯಲ್ಲೇ ತಡೆದರು. ಡಾಕ್ಟರರ ಔಷಧಿಯಿಂದ ಚಂದ್ರಿ ಗಬ್ಬವಾಗಿ, ಈದು ಮೂರು ತಿಂಗಳಾಗಿತ್ತು.

“ಚಹಾಕ್ಕ ಸಾಲದಷ್ಟ ಇದ್ದಾಗ ಬರಕೊಂಡ ಹೋದ್ರಿ. ಈಗ ಬಿಂದಿಗಿ ತುಂಬ ಕೊಡತಾಳ, ಈಗ ನಮ್ಮ ಮನಿ ಬ್ಯಾಡಾತೇನ್ರಿ?” ಅವರಿಗೆ ನಿಜವಾಗಿಯೂ ನೋವಾಗಿತ್ತು.

ಚೀಟಿಗೆ ಯಾರ ಮುಲಾಜೂ ಇಲ್ಲ ಎಂದು ವರ್ಷಗಟ್ಟಲೆ ಹೆಮ್ಮೆಯಿಂದ ಹೇಳಿಕೊಂಡು ಬಂದವಳು ನಾನು. ಅವತ್ತು ಆ ಮಾತು ಬಾಯಿಗೆ ಬರಲಿಲ್ಲ. ಸರಾಸರಿಗೆ ಯಾರ ಮುಖವೂ ಬೇಡ, ಆದರೆ ಅದನ್ನು ತರಲು ಹೋದವರು ಒಂದೊಂದು ಮನೆಯ ಬಾಗಿಲಲ್ಲೂ ನಿಂತು ಮುಖ ನೋಡಲೇಬೇಕು. ನೌಕರಿ ನನಗೆ ಕಲಿಸಿದ್ದು ಇಷ್ಟು.

ಚೀಲದಿಂದ ಜಾಡಿ ತೆಗೆದು ಹಸೀನಾಬಿಯ ಕೊಟ್ಟಿಗೆಗೆ ಹೋದೆ. ಅವರು ಕರೆದರು, ನಾನು ಕಣ್ಣಿಗೆ ಸಮನಾಗಿ ಜಾಡಿ ಎತ್ತಿ ಅಳೆದೆ, ಗಟ್ಟಿಯಾಗಿ ಓಣಿಗೆಲ್ಲ ಕೇಳುವಂತೆ ಓದಿದೆ: “ನಾಲ್ಕೂವರಿ ಲೀಟರ್!” ಮುಂದಿನ ವರ್ಷ ನಿವೃತ್ತಳಾದೆ. ನೌಕರಿಯುದ್ದಕ್ಕೂ ಬರೆದುಕೊಂಡ ಅಂಕಿಗಳೆಲ್ಲ ಮರೆತುಹೋಗಿವೆ. ಎಲ್ಲಿಯೂ ಬರೆದುಕೊಳ್ಳದ ಆ ನಾಲ್ಕೂವರೆ ಮಾತ್ರ ನೆನಪಿದೆ.