ಪೂರಾ ಎಂಬ ಮಾತು

ಅಂದು ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಕೆಲಸ ಕೆಟ್ಟಿತು. ಎದುರಿನ ಗೋಡೆಯ ಗಡಿಯಾರವನ್ನು ನಾನು ಅಷ್ಟು ನೆಟ್ಟು ನೋಡಿದ್ದೆನಾದ್ದರಿಂದ ನಿಮಿಷವೂ ನೆನಪಿದೆ. ಈಗ ಇದನ್ನೆಲ್ಲ ಎತ್ತಲು ಕಾರಣ, ಇಂದು ಬೆಳಿಗ್ಗೆ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದ ನನ್ನನ್ನು ಹೆಂಡತಿ ಅಡಿಗೆಮನೆಯಿಂದ ಕೇಳಿದ ಮಾತು: “ಪೂರಾ ಆತೇನ್ರಿ?” ಬೊಗಸೆಯಲ್ಲಿ ಬೀಜ, ಕಿವಿಯಲ್ಲಿ ಆ ಮಾತು.

ಐವತ್ತರ ದಶಕ. ಧಾರವಾಡದಲ್ಲಿ ಕಾಲೇಜು ಓದುತ್ತಿದ್ದ ನಾನು ಪಂಚಮಿಗೆ ಗಜೇಂದ್ರಗಡದ ಸೋದರಮಾವನ ಮನೆಗೆ ಬಂದಿದ್ದೆ. ಮಾವ ನೇಕಾರ. ನಮ್ಮ ಕಡೆ ಪಂಚಮಿ ಎಂದರೆ ಹೆಂಗಸರಿಗೆ ಜೋಕಾಲಿ, ಗಂಡಸರಿಗೆ ಪಂತ. ಆ ವರ್ಷ ಪಕ್ಕದ ಮನೆಯ ಪಡಸಾಲೆಯಲ್ಲಿ ಎಂಟು ಜನ ಮೂರೆಲೆಯ ಇಸ್ಪೀಟಿಗೆ ಕೂತರು. ತಲೆಗೆ ನೂರು ಹುಣಸೆಬೀಜ. ಆಟಕ್ಕೆ ಮೊದಲು ಎಲ್ಲರೂ ಇಡಬೇಕಾದ ಬೀಜದ ಲೆಕ್ಕ ಗಂಟೆ ಬಡಿದಾಗಲೆಲ್ಲ ಇಮ್ಮಡಿ. ಬೀಜ ಮುಗಿದವನು, ಇಲ್ಲವೆ ತಾನಾಗಿ ಎದ್ದವನು, ಸೋತ. ಇದ್ದ ಬೀಜವೆಲ್ಲ ಒಮ್ಮೆಗೇ ನೂಕುವವನು “ಪೂರಾ” ಅನ್ನಬೇಕು. ಒಬ್ಬೊಬ್ಬರೂ ಮನೆಯ ಒಂದೊಂದು ವಸ್ತು ನಡುವೆ ಇಟ್ಟಿದ್ದರು. ಕೊನೆಗೆ ಉಳಿದವನಿಗೆ ಎಲ್ಲವೂ.

ಮಾವನಿಗೆ ಉಪದೇಶ ಮಾಡಿದವನು ನಾನೇ. ಗಣಿತದಲ್ಲಿ ಒಂದು ಸಲ ಡುಮ್ಕಿ ಹೊಡೆದವನಿಗೆ ಉಪದೇಶದ ಚಟ ಹೆಚ್ಚು. ಮೊದಮೊದಲು ಕಾಯಿರಿ ಎಂದೆ. ಬೀಜ ಕರಗುತ್ತ ಬಂದಾಗ ಮಾತ್ರ ಒಳ್ಳೆಯ ಎಲೆಗಾಗಿ ಕಾಯುತ್ತ ಕೂಡಬೇಡಿ, ಎದುರಿನವರು ಇನ್ನೂ ಅಂಜುವಷ್ಟು ಬೀಜ ಇರುವಾಗಲೇ “ಪೂರಾ” ಅಂದುಬಿಡಿ. ಅವರು ಅಂಜಿ ಎಲೆ ಕೆಳಗಿಟ್ಟರೆ ನಿಮ್ಮ ಎಲೆ ಎಂಥದೆಂದು ಯಾರು ನೋಡುತ್ತಾರೆ? ಈ ಉಪಾಯದಿಂದಲೇ ಮಾವ ಆರು ಜನರನ್ನು ಎಬ್ಬಿಸಿದ.

ಕೊನೆಗೆ ಉಳಿದವನು ಸವಡಿಯ ಒಕ್ಕಲಿಗ ಫಕೀರಪ್ಪ. ಅವನು ಬೆಳಗಿನಿಂದ ಒಮ್ಮೆಯೂ ಎಲೆ ಕೆಳಗಿಟ್ಟವನಲ್ಲ. ಅಂಜದವನ ಮುಂದೆ ಅಂಜಿಸುವ ಉಪಾಯ ನಡೆಯದು, ಇವನೆದುರು ಗಟ್ಟಿ ಎಲೆ ಬರುವವರೆಗೆ “ಪೂರಾ” ಅನ್ನಬೇಡಿ ಎಂದು ಮಾವನ ಕಿವಿಯಲ್ಲಿ ಹೇಳಿದೆ. ಹಾಗೆ ಬಗ್ಗಿದಾಗಲೇ ನಡುವಿನ ವಸ್ತುಗಳ ರಾಶಿಯಲ್ಲಿ, ಫಕೀರಪ್ಪನ ಎತ್ತಿನ ಗೆಜ್ಜೆಸರದ ಅಡಿಯಲ್ಲಿ, ಹಸಿರು ಅಂಚು ಕಂಡಿತು. ರೋಣಕ್ಕೆ ಕೊಟ್ಟ ತಮ್ಮ ಬಸುರಿ ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಮಾವ ಮತ್ತು ಅತ್ತೆ ಸೇರಿ ನೇಯ್ದ ಸೀರೆ. ಮಾವ ಪಂತಕ್ಕಿಟ್ಟಿದ್ದು ಅದನ್ನೇ. ಕುಬಸ ಬರುವ ಸೋಮವಾರ. ಅಷ್ಟರಲ್ಲಿ ಇನ್ನೊಂದು ನೇಯುವುದಾಗದು. ಮಗಳು ಬೀಗರೆದುರು ತವರಿನ ಸೀರೆಯಿಲ್ಲದೆ ಕೂಡಬೇಕು.

ಮಾವನಿಗೆ ಬಂದ ಎಲೆ ಎರಡು, ಐದು, ಒಂಬತ್ತು. ಕೆಳಗಿಟ್ಟು ಸುಮ್ಮನಾಗುವ ಎಲೆ. ಆಗಲೇ ಅತ್ತೆ ಬಾಗಿಲಿಗೆ ಬಂದಳು.

“ಸೆರಗಿನ ಕುಚ್ಚು ಕಟ್ಟೂದು ಮುಗೀತೇನ್ರಿ?”

ಸೀರೆಯನ್ನು ಕುಚ್ಚು ಕಟ್ಟಲು ಕೊಟ್ಟಿದ್ದೇನೆಂದು ಮಾವ ಸುಳ್ಳು ಹೇಳಿದ್ದನಂತೆ. ಬೆಚ್ಚಿ, ತಿರುಗದೆಯೇ ಅಂದ: “ಪೂರಾ.”

ಎಲ್ಲರೂ ಮಾವನ ಕಡೆ ತಿರುಗಿದರು.

“ನಾ ಆಕಿಗಿ ಹೇಳಿದ್ದು,” ಎಂದ ಮಾವ.

“ಬಾಯಿಂದ ಬಂತಲ್ರಿ,” ಎಂದ ಮನೆಯ ಯಜಮಾನ. “ಬೀಜ ಮುಂದ ಸರಸ್ರಿ.”

ಫಕೀರಪ್ಪ ಬೀಜ ನೋಡಲಿಲ್ಲ, ಬಾಗಿಲು ನೋಡಿದ. “ಯಾವ ಸೀರಿ, ತಂಗಿ?”

“ಮಗಳ ಕುಬಸದ್ದರಿ ಯಣ್ಣಾ. ಹಸರ ಸೀರಿ.”

ಅವನು ತನ್ನ ಮೂರೆಲೆಗಳನ್ನು ಬೋರಲು ಹಾಕಿ ಎದ್ದುನಿಂತ. “ಮೋಡ ಹಾಕೈತಿ. ಸವಡಿ ದೂರ ಐತಿ,” ಎಂದು ಚಪ್ಪಲಿ ಮೆಟ್ಟಿದ. ಎದ್ದವನು ಸೋತ.

ಎಲೆ ಕೂಡಿಸುವ ನೆಪದಲ್ಲಿ ಫಕೀರಪ್ಪನ ಎಲೆಗಳನ್ನು ತಿರುಗಿಸಿದೆ. ಮೂರೂ ರಾಜರು.

ಮಾವ ಉಳಿದವರ ವಸ್ತುಗಳನ್ನು ಅವರವರ ಮನೆಗೆ ಮುಟ್ಟಿಸಿ ಬಂದ. ಆದರೆ ಗೆಲುವು ಮಾತ್ರ ನನ್ನ ಕಾಲೇಜು ವಿದ್ಯೆಯದೆಂದು ಓಣಿಯಲ್ಲೆಲ್ಲ ಹೇಳಿದ. ಹೊಗಳಿದಷ್ಟೂ ನನ್ನ ನಿದ್ದೆ ಹಾರಿತು. ಕಣ್ಣು ಮುಚ್ಚಿದರೆ ಎರಡು, ಐದು, ಒಂಬತ್ತು.

ಸೋಮವಾರ ರೋಣಕ್ಕೆ ಹೊರಟವರು ಗೆಜ್ಜೆಸರ ಮರಳಿಸಲು ಸವಡಿಯಲ್ಲಿ ಎತ್ತಿನ ಚಕ್ಕಡಿ ನಿಲ್ಲಿಸಿದೆವು. ಮಾವ ಫಕೀರಪ್ಪನ ಮನೆಯೊಳಕ್ಕೆ ಹೋದಾಗ ನಾನು ಅತ್ತೆಗೆ ಎಲ್ಲ ಒಪ್ಪಿಕೊಂಡೆ. ಅವಳು ಮಡಿಲ ಸೀರೆಯ ಅಂಚು ಸವರಿದಳು.

“ಬಾಗಲದಾಗ ನಿಂತಾಗನ ಇದು ಕಂಡಿತ್ತು. ನಾ ನೇದ ಅಂಚು ನನಗ ಗುರ್ತ ಸಿಗೂದಿಲ್ಲೇನೋ?”

“ಮತ್ತ ಯಾಕ ಕೇಳಿದಿ ಅತ್ತಿ?”

“ಆ ಅಣ್ಣನ ಕಿವಿಗಿ ಬೀಳಲಿ ಅಂತ. ನಿಮ್ಮ ಮಾವ ಆ ಹಾಳ ಮಾತ ಅಂತಾರಂತ ನನಗೇನ ಗೊತ್ತು? ಎದಿ ಝಲ್ಲಂತು.”

ಇದ್ದುದನ್ನೆಲ್ಲ ಒಮ್ಮೆಗೇ ಮುಂದೆ ನೂಕಿದವಳು ಎಲೆ ಮುಟ್ಟದ ಈ ಹೆಂಗಸು. ಅಂಜದವನನ್ನು ಅಂಜಿಸಲು ಹೋಗದೆ ಬರೀ ಕೇಳಿದ್ದಳು.

ಇಂದು ಬೀಜವನ್ನೆಲ್ಲ ಬುಟ್ಟಿಗೆ ಸುರಿದು, ತಡವಾಗಿ, ಒಳಗೆ ಕೂಗಿ ಹೇಳಿದೆ: “ಪೂರಾ ಆತು.” ಅಂದು ರೋಣದಲ್ಲಿ ಹಸಿರು ಸೀರೆಯುಟ್ಟ ಮಗಳಿಗೆ ಆರತಿಯಾದ ಮೇಲೆ ಜಗಲಿಯಲ್ಲಿ ಅಡ್ಡಾದ ನನ್ನನ್ನು, ಮರುದಿನ ಬಿಸಿಲು ಮುಖಕ್ಕೆ ಬಿದ್ದ ಮೇಲೆಯೇ ಎಬ್ಬಿಸಿದರಂತೆ.