ನೂರು ಒಂಟೆ, ಒಂದು ಚಾಪೆ

ಅರಬ್ಬರ ನಾಡಿನಲ್ಲಿ ನಾನು ಮಂಜಿನೊಳಗೆ ದಾರಿ ತಪ್ಪಿದ್ದೆ ಎಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನ ನನ್ನ ಕ್ಲಾಸಿನಲ್ಲಿ ಹೇಳಿದ ದಿನವೇ ನನ್ನ ಮರ್ಯಾದೆ ಹರಾಜಾಯಿತು. ನಾವು ಮೊದಲಿದ್ದ ಒಮಾನಿನ ಸಲಾಲಾದಲ್ಲಿ ಜೂನ್ ಕಳೆಯುವಷ್ಟರಲ್ಲಿ ಕಡಲಿನಿಂದ ಮೋಡ ಎದ್ದು ಬಂದು ಬೋಳುಗುಡ್ಡಗಳ ಮೇಲೆ ಮಲಗುತ್ತದೆ, ಗುಡ್ಡ ಹಸಿರಾಗುತ್ತದೆ. ಇಷ್ಟು ನಿಜ. ಮುಗ್ಸೈಲ್ ತೀರದ ಬಂಡೆಯ ತೂತಿನಿಂದ ಚಿಮ್ಮಿದ ಅಲೆ ನನ್ನನ್ನು ತೆಂಗಿನ ಮರದೆತ್ತರಕ್ಕೆ ಎತ್ತಿತ್ತು, ನಮ್ಮ ಕಾರಿಗೆ ನೂರು ಒಂಟೆ ಅಡ್ಡ ನಿಂತಿದ್ದವು, ಹಿಂದೆ ರಾಜರಾಣಿಯರಿಗೆ ಹಡಗಿನಲ್ಲಿ ಹೋಗುತ್ತಿದ್ದ ಲುಬಾನ್ ಧೂಪ ನಮ್ಮ ಹಿತ್ತಲ ಮರದಿಂದಲೇ ಸುರಿಯುತ್ತಿತ್ತು ಎಂಬುದನ್ನು ಮಾತ್ರ ಸ್ವಲ್ಪ ಎಳೆದಿದ್ದೆ.

ಕ್ಲಾಸಿನಲ್ಲಿದ್ದ ಇನ್ನೊಬ್ಬ ಕನ್ನಡದವಳು, ಇಲ್ಲೇ ಹುಟ್ಟಿದ ಬೆಂಗಳೂರು ಮನೆತನದ ಹುಡುಗಿ, ಎಲ್ಲರೆದುರು ತೀರ್ಪು ಕೊಟ್ಟಳು. "ಅರೇಬಿಯಾ ಅಂದ್ರೆ ಸ್ಯಾಂಡ್, ಮೇಟ್. ಯೂ ಲೈ."

ಅವಳ ಮಾತೇ ಗೆದ್ದರೆ ವರ್ಷಪೂರ್ತಿ ನಾನು ಸುಳ್ಳುಬುರುಕ.

ಆ ಶನಿವಾರ ನಮ್ಮ ಬಡಾವಣೆ ಹಾರ್ನ್‌ಬಿಯಲ್ಲಿ ಜಿನುಗು ಮಳೆ. ಬೇರೆಯವರ ಮನೆಯಲ್ಲಿ ಮಳೆ ಬಂದರೆ ಒಣಹಾಕಿದ ಬಟ್ಟೆ ಒಳಗೆ ಬರುತ್ತದೆ. ನಮ್ಮ ಮನೆಯಲ್ಲಿ ಚಾಪೆ ಹೊರಗೆ ಹೋಗುತ್ತಿತ್ತು. ಸಲಾಲಾಕ್ಕೆ ಜನ ಮರಳುಗಾಡು ದಾಟಿ ಬಂದು, ಹನಿ ಬೀಳುತ್ತಿದ್ದಂತೆ ಹುಲ್ಲಿನ ಮೇಲೆ ಚಾಪೆ ಹಾಸಿ, ನೆನೆಯುತ್ತ ಊಟ ಮಾಡುತ್ತಾರೆ. ಅಪ್ಪ ದೇಶ ಬಿಟ್ಟರೂ ಆ ಅಭ್ಯಾಸ ಬಿಟ್ಟಿರಲಿಲ್ಲ. ಅಲ್ಲಿನ ಮಳೆ ಬೆಚ್ಚಗೆ, ಇಲ್ಲಿನದು ಫ್ರಿಜ್ಜಿನೊಳಗೆ ಸ್ನಾನ ಮಾಡಿದ ಹಾಗೆ ಎಂಬ ವ್ಯತ್ಯಾಸ ಅವರಿಗೆ ಲೆಕ್ಕಕ್ಕಿಲ್ಲ.

ಪಾರ್ಕಿನಲ್ಲಿ ನಾನು ಕೊಡೆ ಬಿಚ್ಚಿದೆ.

"ಮುಚ್ಚೋ ಅದನ್ನ," ಅಂದರು ಅಪ್ಪ. "ಮಳೆ ನೋಡಕ್ಕೆ ಬಂದು ಯಾರಾದ್ರೂ ಕೊಡೆ ಹಿಡೀತಾರಾ?"

"ಹಿಡೀಲಿ ಬಿಡಿ, ಮೂಗು ಆಗ್ಲೇ ನೀಲಿಯಾಗಿದೆ," ಎಂದ ಅಮ್ಮನ ಹಲ್ಲು ತಾಳ ಹಾಕುತ್ತಿತ್ತು.

ಅಷ್ಟರಲ್ಲಿ ನಾಯಿ ಹಿಡಿದುಕೊಂಡು ಕ್ಲಾಸಿನ ಆ ಹುಡುಗಿಯೇ ಬಂದಳು. ನಾನು ಕೊಡೆಯ ಹಿಂದೆ ಅಡಗಿದೆ. ನಾಯಿ ನೇರವಾಗಿ ಬೋಂಡಾದ ಡಬ್ಬಿಗೆ ಬಂತು.

"ಅಂಕಲ್, ಮಳೆಯಲ್ಲಿ ವೈ?"

"ಸಲಾಲಾದಲ್ಲಿ ಹಿಂಗೇ ಕಣಮ್ಮ. ಮಂಜಲ್ಲಿ ಮುಂದಿನ ಕಾರೇ ಕಾಣಲ್ಲ. ಗುಡ್ಡ ಎಲ್ಲ ಹಸಿರೋ ಹಸಿರು." ಅಪ್ಪ ಅವಳಿಗೆ ಚಾಪೆಯಲ್ಲಿ ಜಾಗ ಮಾಡಿಕೊಟ್ಟರು.

ನಾನು ಕೊಡೆಯಿಂದ ಹೊರಬಂದು ಎದೆ ಉಬ್ಬಿಸಿದೆ.

"ಸೋ, ಹಂಡ್ರೆಡ್ ಕ್ಯಾಮಲ್ಸ್?"

"ನಾಲ್ಕು," ಅಂದರು ಅಪ್ಪ. "ಅದ್ರಲ್ಲೊಂದು ಮರಿ."

"ಆ ಅಲೆ? ಇವನು ಫ್ಲೈ ಆಗಿದ್ದು?"

"ಹಾರಿದ್ದು ಇವನ ಟೋಪಿ. ಇವನು ನನ್ನ ಕಾಲು ತಬ್ಕೊಂಡು ಅಳ್ತಿದ್ದ."

"ಹಿತ್ತಲಲ್ಲಿದ್ದಿದ್ದು ಬಾಳೆಗಿಡ," ಎಂದು ಯಾರೂ ಕೇಳದೆಯೇ ಅಮ್ಮ ಸೇರಿಸಿದರು.

ಅವಳು ನಗುತ್ತ, ನಡುಗುತ್ತ, ಬೋಂಡಾ ಮುಗಿಯುವವರೆಗೂ ಎದ್ದು ಹೋಗಲಿಲ್ಲ. ಸೋಮವಾರ ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಸೋಮವಾರ ಅವಳು ಮೂಗು ಸುರಿಸಿಕೊಂಡು ಬಂದು, ಮಳೆಯಲ್ಲಿ ಚಾಪೆಯ ಮೇಲೆ ಕೂತು ತಿಂಡಿ ತಿಂದೆ ಎಂದಳು. ಯಾರೂ ನಂಬಲಿಲ್ಲ. ಹಿಂದಿನ ಬೆಂಚು ಗೊಳ್ಳೆಂದು ನಕ್ಕಿತು. ಅವಳ ಮುಖ ಕೆಂಪೇರಿತು. ಒಮ್ಮೆ ನನ್ನ ಕಡೆ ನೋಡಿದಳು, ಆಮೇಲೆ ಶುರುಮಾಡಿದಳು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಅವಳಿಗೆ ಅವಳ ನಾಯಿಯೇ ಕಾಣಲಿಲ್ಲವಂತೆ. ಸಲಾಲಾದಲ್ಲಂತೂ ಇನ್ನೂ ಜಾಸ್ತಿಯಂತೆ.

"ಟೂ ಹಂಡ್ರೆಡ್ ಕ್ಯಾಮಲ್ಸ್," ಎಂದಳು. "ಹಿಸ್ ಡ್ಯಾಡ್ ಕೌಂಟೆಡ್."

ನಾನು ವಿನಯದಿಂದ ತಲೆಯಾಡಿಸಿ, "ಮರಿಗಳನ್ನು ಬಿಟ್ಟು," ಎಂದೆ.